ಗಪ್ಪಿ ಮರಿಯ ಬುತ್ತಿ ಬಸಿರಿಗೆ ಮೊದಲೇ ಕಟ್ಟಿರುತ್ತದೆ

ಮಾನ್ಯ ಸಂಪಾದಕರೇ,

ಸೊಳ್ಳೆ ಮರಿ ತಿನ್ನಲೆಂದು ವಿಜಯಪುರದ ತೊಟ್ಟಿ, ಬಾವಿಗಳಿಗೆ ಗಪ್ಪಿ ಮೀನು ಬಿಡುವವರಲ್ಲಿ ಹಲವರು ಹೊಟ್ಟೆ ಉಬ್ಬಿದ ಹೆಣ್ಣನ್ನೇ ಆರಿಸುತ್ತಾರೆ, ಮರಿ ಗಟ್ಟಿಯಾಗಲಿ ಎಂದು ಒಯ್ಯುವ ಮುನ್ನ ಚೆನ್ನಾಗಿ ತಿನ್ನಿಸುತ್ತಾರೆ. ಎರಡೂ ತಪ್ಪು.

ಮರಿ ಹಾಕುವ ಮೀನೆಂದರೆ ಹೊಕ್ಕುಳಬಳ್ಳಿ ಇದ್ದೀತು ಎಂದುಕೊಳ್ಳುವುದು ಸಹಜ. ಗಪ್ಪಿಯಲ್ಲಿ ಅದಿಲ್ಲ. ಗರ್ಭ ಕಟ್ಟುವ ಮೊದಲೇ ತಾಯಿ ಮೊಟ್ಟೆಗೆ ಹಳದಿ ತುಂಬಿ ಬುತ್ತಿ ಕಟ್ಟಿರುತ್ತದೆ. ಆಮೇಲಿನ ಮೂರು-ನಾಲ್ಕು ವಾರ ಭ್ರೂಣ ಬಹುಪಾಲು ಅದನ್ನೇ ಕರಗಿಸಿಕೊಂಡು ಬೆಳೆಯುತ್ತದೆ. ಹುಟ್ಟಿದ ಮರಿಯ ಒಣತೂಕ ಮೊಟ್ಟೆಯದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆಯೇ. ತಾಯಿಯಿಂದ ಕೊನೆತನಕ ಬೇಕಾದ್ದು ಆಮ್ಲಜನಕ. ಮೊಟ್ಟೆಯನ್ನು ಸುತ್ತಿದ ತೆಳು ಪೊರೆಯಿಂದ ಅದು ಭ್ರೂಣದ ರಕ್ತನಾಳಗಳಿಗೆ ದಾಟುತ್ತದೆ, ಕಲ್ಮಶ ಅದೇ ದಾರಿಯಲ್ಲಿ ಹೊರಬೀಳುತ್ತದೆ. ಬಿಸಿಲಿಗೆ ಕಾದ ಚೀಲದಲ್ಲಿ ಉಸಿರು ಕಟ್ಟಿದರೆ ಮರಿಗಳು ಅವಧಿಗೆ ಮುಂಚೆ ಬೀಳುತ್ತವೆ. ಹೊಟ್ಟೆಗೆ ಹಳದಿ ಚೀಲ ಜೋತುಬಿದ್ದ ಅಂಥ ಮರಿ ಈಜಲಾರದೆ ತಳ ಹಿಡಿಯುತ್ತದೆ. ತಾಯಿಯೇ ನುಂಗುವುದೂ ಉಂಟು.

ಮರಿ ಹಾಕುವ ಮೀನೆಲ್ಲ ಹೀಗೆಯೇ ಅಲ್ಲ. ಸೊಳ್ಳೆ ಮರಿ ತಿನ್ನುವ ಇನ್ನೊಂದು ಮೀನಾದ ಗ್ಯಾಂಬೂಸಿಯಾದಲ್ಲಿ ತಾಯಿಯಿಂದ ಒಂದಿಷ್ಟು ಪೋಷಕಾಂಶವೂ ದಾಟುತ್ತದೆ. ಮೆಕ್ಸಿಕೋದ ಗುಡೈಡ್ ಮೀನಿನ ಭ್ರೂಣಕ್ಕಂತೂ ಕರುಳಿನ ತುದಿಯಿಂದ ರಿಬ್ಬನ್ನಿನಂಥ ಎಳೆಗಳು ಹೊರಬಂದು, ತಾಯಿಯ ಅಂಡಾಶಯದ ರಸವನ್ನು ಹೀರುತ್ತವೆ. ಹುಟ್ಟಿದ ಮೇಲೆ ಆ ಎಳೆಗಳು ಕರಗಿಹೋಗುತ್ತವೆ. ಅಂಥ ಮೀನಿನ ಬಸುರಿಗೆ ತಿನ್ನಿಸಿದ್ದು ಮರಿಗೂ ಸೇರುತ್ತದೆ. ನಮ್ಮ ತೊಟ್ಟಿಯ ಗಪ್ಪಿಗೆ ಆ ಲೆಕ್ಕ ಹೊಂದದು.

ಹಿಂಬದಿಯ ಕೆಳರೆಕ್ಕೆಯ ಬಳಿ ಕಪ್ಪು ಕಲೆ ದೊಡ್ಡದಾಗಿ, ಹೊಟ್ಟೆ ಚೌಕಾಕಾರ ತಾಳಿದ ಹೆಣ್ಣನ್ನು ಸಾಗಿಸಬೇಡಿ. ಹೆತ್ತ ಮೇಲಿನ ಮೊದಲ ವಾರವೇ ತಿನ್ನಿಸಬೇಕಾದ ಕಾಲ. ಆಗ ಮುಂದಿನ ಮೊಟ್ಟೆಗಳಿಗೆ ಹಳದಿ ತುಂಬುತ್ತದೆ (ಗಂಡಿನ ವೀರ್ಯ ತಿಂಗಳುಗಟ್ಟಲೆ ಒಳಗೇ ಉಳಿಯುವುದರಿಂದ ಹೊಸ ಗಂಡು ಬೇಕೆಂದೇನಿಲ್ಲ). ಸೊಳ್ಳೆ ಮರಿ, ಇಲ್ಲವೇ ನುಣ್ಣಗೆ ಪುಡಿ ಮಾಡಿದ ಶೇಂಗಾ ಹಿಂಡಿಯನ್ನು ದಿನಕ್ಕೆರಡು ಸಲ, ಐದು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ. ಉಳಿದ ಹಿಂಡಿ ಕೊಳೆತರೆ ನೀರು ಕೆಡುತ್ತದೆ.

ಒಯ್ಯುವ ಹಿಂದಿನ ದಿನ ಮಾತ್ರ ಏನನ್ನೂ ಹಾಕಬಾರದು, ಮಲದ ಅಮೋನಿಯಾ ಮುಚ್ಚಿದ ಚೀಲದಲ್ಲಿ ವಿಷವಾಗುತ್ತದೆ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ ಇರಲಿ. ಬೆಳಗಿನ ತಂಪಿನಲ್ಲೇ ತಲುಪಿಸಿ, ಚೀಲವನ್ನು ತೊಟ್ಟಿಯಲ್ಲಿ 15-20 ನಿಮಿಷ ತೇಲಿಬಿಟ್ಟು ಆಮೇಲೆ ಬಿಚ್ಚಿ.

– ಪ್ರಾಣಿಶಾಸ್ತ್ರ ಅಧ್ಯಾಪಕರು, ವಿಜಯಪುರ