ಐರಿಸ್ ಹೂವಿನಲ್ಲಿ ಪುಷ್ಪಪತ್ರ ಯಾವುದು, ದಳ ಯಾವುದು?

ಮಾನ್ಯ ಸಂಪಾದಕರೇ,

ಕಳೆದ ವಾರದ ವಿಜ್ಞಾನ ಪುರವಣಿಯಲ್ಲಿ ಯಂತ್ರಕಲಿಕೆಯನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಹೂಗಳ ಅಳತೆಯನ್ನು ಕೊಟ್ಟು ಅವುಗಳ ಪ್ರಭೇದವನ್ನು ಗುರುತಿಸುವಂತೆ ಕಂಪ್ಯೂಟರಿಗೆ ಕಲಿಸುವ ಬಗೆಯನ್ನು ಲೇಖಕರು ತಿಳಿಗನ್ನಡದಲ್ಲಿ ವಿವರಿಸಿದ್ದಾರೆ. ಆ ಭಾಗದ ಬಗ್ಗೆ ನನ್ನ ತಕರಾರೇನೂ ಇಲ್ಲ, ತಕರಾರು ತೆಗೆಯುವಷ್ಟು ತಿಳಿವಳಿಕೆಯೂ ನನಗಿಲ್ಲ. ಆದರೆ ಉದಾಹರಣೆಗೆಂದು ತೆಗೆದುಕೊಂಡ ಐರಿಸ್ ಹೂವಿನ ವಿಷಯದಲ್ಲಿ ಮೂರು ತಪ್ಪುಗಳು ನುಸುಳಿವೆ. ಹೂವನ್ನು ‘ಲಿಲ್ಲಿ ಜಾತಿಗೆ ಸೇರಿದ್ದು’ ಎನ್ನಲಾಗಿದೆ. ಜೊತೆಯಲ್ಲಿ ಅಚ್ಚಾದ ಚಿತ್ರ ಕಾಡು ಐರಿಸ್‌ನದಲ್ಲ, ಎಸಳಿನ ಮೇಲೆ ಗಡ್ಡದಂಥ ಕೂದಲಿರುವ ಉದ್ಯಾನದ ಮಿಶ್ರತಳಿಯದು. ಇವೆರಡನ್ನೂ ಮನ್ನಿಸಬಹುದು. ಆ ಚಿತ್ರದಲ್ಲಿ ಮೇಲೆದ್ದು ನಿಂತ ಎಸಳುಗಳಿಗೆ ‘ಪುಷ್ಪಪತ್ರ’ (ಸೆಪಲ್) ಎಂದೂ ಕೆಳಗೆ ಬಾಗಿದ ಎಸಳುಗಳಿಗೆ ‘ದಳ’ (ಪೆಟಲ್) ಎಂದೂ ಗುರುತು ಹಾಕಿರುವುದನ್ನು ಮಾತ್ರ ಹಾಗೆಯೇ ಬಿಡುವಂತಿಲ್ಲ, ಏಕೆಂದರೆ ಅದರಿಂದ ಲೇಖನದಲ್ಲಿರುವ ಹೂವಿನ ಅಳತೆಗಳ ಕೋಷ್ಟಕದ ಅಂಕಿಗಳೆಲ್ಲ ತಲೆಕೆಳಗಾಗುತ್ತವೆ.

ಈ ಗೊಂದಲ ನಮ್ಮ ಮನೆಗೂ ಬಂದಿತ್ತು. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ಹಿಂದಿನ ವರ್ಷ ಇದೇ ಕೋಷ್ಟಕವನ್ನು ತೆರೆದಿಟ್ಟುಕೊಂಡು, “ಅಜ್ಜ, ಇಲ್ಲಿ ಸೆಪಲ್ಲು ಪೆಟಲ್‌ಗಿಂತ ಉದ್ದ ಅಂತ ಇದೆಯಲ್ಲ, ಟೈಪಿಂಗ್ ಮಿಸ್ಟೇಕಾ?” ಎಂದು ಕೇಳಿದ್ದಳು. ಅವಳು ಹೈಸ್ಕೂಲಿನಲ್ಲಿ ಬಿಡಿಸಿ ನೋಡಿದ್ದು ದಾಸವಾಳವನ್ನು. ಅದರಲ್ಲಿ ಪುಷ್ಪಪತ್ರವೆಂದರೆ ಬುಡದಲ್ಲಿರುವ ಪುಟ್ಟ ಹಸಿರು ಬಟ್ಟಲು, ದಳವೆಂದರೆ ಅಂಗೈಯಗಲದ ಕೆಂಪು ಎಸಳು. ಮೊಗ್ಗನ್ನು ಕಾಪಾಡುವ ಹೊರಸುತ್ತು, ಕೀಟವನ್ನು ಕರೆಯುವ ಒಳಸುತ್ತು ಎಂದು ಪಿಯು ತರಗತಿಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನೇ ಆದ್ದರಿಂದ, ಅವಳ ಪ್ರಶ್ನೆಯಲ್ಲಿ ನನ್ನ ಪಾಠದ ಪಾಲೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಐರಿಸ್ ಈ ಪಾಠಕ್ಕೆ ಒಗ್ಗದ ಹೂ.

ಆ ಕೋಷ್ಟಕದಲ್ಲಿರುವ ಮೂರು ಪ್ರಭೇದಗಳಲ್ಲಿ ಒಂದಾದ ಐರಿಸ್ ವರ್ಸಿಕಲರ್ ಅನ್ನು ನಾನು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಮಗಳ ಮನೆಗೆ ಹೋಗಿದ್ದಾಗ, ಜೂನ್ ತಿಂಗಳಿನಲ್ಲಿ ಒಂದು ಕೆರೆಯಂಚಿನ ಕೆಸರಿನಲ್ಲಿ ಕಂಡಿದ್ದೇನೆ. ಮೊಣಕಾಲೆತ್ತರದ ದಂಟು, ಅದರ ತುದಿಯಲ್ಲಿ ನೇರಳೆ ಬೆರೆತ ನೀಲಿ ಹೂ. ಕಣ್ಣಿಗೆ ಮೊದಲು ಬೀಳುವುದು ಹೊರಕ್ಕೆ ಚಾಚಿ ಕೆಳಗೆ ಬಾಗಿದ ಮೂರು ಅಗಲವಾದ ಎಸಳುಗಳು. ಅವುಗಳ ಬುಡದಲ್ಲಿ ಹಸಿರುಮಿಶ್ರಿತ ಹಳದಿ ಮಚ್ಚೆ, ಸುತ್ತ ಬಿಳಿ, ಆ ಬಿಳಿಯ ಮೇಲೆ ಕಡುನೇರಳೆಯ ನರಗಳು ಒಳಮುಖವಾಗಿ ಓಡುತ್ತವೆ. ಗಡ್ಡ ಇಲ್ಲ. ಈ ಮೂರೇ ಪುಷ್ಪಪತ್ರಗಳು. ಇವುಗಳ ನಡುವಿನ ಸಂದಿನಲ್ಲಿ ನೆಟ್ಟಗೆ ನಿಂತಿರುವ, ಇವುಗಳಿಗಿಂತ ಗಿಡ್ಡ ಮತ್ತು ಕಿರಿದಾದ, ಗುರುತೇನೂ ಇಲ್ಲದ ಮೂರು ಎಸಳುಗಳು ದಳಗಳು. ಯಾವುದು ಹೊರಸುತ್ತಿನದು, ಯಾವುದು ಒಳಸುತ್ತಿನದು ಎಂಬುದನ್ನು ಹುಟ್ಟಿದ ಜಾಗ ಹೇಳುತ್ತದೆಯೇ ಹೊರತು ಬಣ್ಣವಾಗಲೀ ಗಾತ್ರವಾಗಲೀ ಹೇಳುವುದಿಲ್ಲ. ಕೆಳಗೆ ಬಾಗಿದ ಎಸಳನ್ನು ಬುಡದವರೆಗೆ ಹಿಂಬಾಲಿಸಿದರೆ ಅದು ಹೊರಗಿನಿಂದ ಹೊರಟಿರುವುದು ಬೆರಳಿಗೇ ತಿಳಿಯುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಪ್ರತಿ ಪುಷ್ಪಪತ್ರದ ಮೇಲೆ ಛಾವಣಿಯಂತೆ ಕವಿದುಕೊಂಡ ಇನ್ನೊಂದು ಎಸಳಿರುತ್ತದೆ, ತುದಿಯಲ್ಲಿ ಸೀಳಿ ಮೇಲಕ್ಕೆ ಮಡಚಿಕೊಂಡಿರುತ್ತದೆ. ನೋಡಿದವರು ಇದನ್ನೂ ದಳವೆಂದೇ ಎಣಿಸಿ ಹೂವಿಗೆ ಒಂಬತ್ತು ದಳ ಎನ್ನುತ್ತಾರೆ. ಅದು ದಳವಲ್ಲ, ಹೂವಿನ ಹೆಣ್ಣು ಭಾಗವಾದ ಶಲಾಕೆಯ ಕವಲು. ಇದನ್ನು ಅರ್ಥ ಮಾಡಿಕೊಳ್ಳಲು ಓದುಗರು ಅಡುಗೆಮನೆಯ ಕೇಸರಿಯನ್ನು ನೆನೆಯಬಹುದು, ಏಕೆಂದರೆ ಕೇಸರಿ ಗಿಡವೂ ಐರಿಸ್ ಕುಟುಂಬದ್ದೇ. ನಾವು ಹಾಲಿನಲ್ಲಿ ನೆನೆಸುವ ಕೆಂಪು ಎಳೆ ಆ ಹೂವಿನ ಮೂರು ಕವಲಾದ ಶಲಾಕಾಗ್ರ. ಹೂವಿನ ಗಂಡು ಭಾಗಕ್ಕೆ ಕನ್ನಡದಲ್ಲಿ ‘ಕೇಸರ’ ಎಂಬ ಹೆಸರಿರುವುದರಿಂದ ಕೇಸರಿಯ ಎಳೆಯನ್ನೂ ಕೇಸರವೆಂದೇ ಬರೆಯುವ ವಿದ್ಯಾರ್ಥಿಗಳಿಗೆ ನಾನು ಎಷ್ಟು ಅಂಕ ಕಳೆದಿದ್ದೇನೋ ಲೆಕ್ಕವಿಲ್ಲ. ಕೇಸರಿಯಲ್ಲಿ ಎಳೆಯಾಗಿ ಉಳಿದ ಅದೇ ಅಂಗ ಐರಿಸ್‌ನಲ್ಲಿ ಅಗಲವಾಗಿ ಚಪ್ಪಟೆಯಾಗಿ ಎಸಳಿನ ವೇಷ ಹಾಕಿದೆ. ಮೂರು ಕೇಸರಗಳು ಈ ಛಾವಣಿಗಳ ಅಡಿಯಲ್ಲಿ ಒಂದೊಂದರಂತೆ ಅಡಗಿವೆ.

ಈ ರಚನೆ ಸುಮ್ಮನೆ ಆದದ್ದಲ್ಲ. ಕೆರೆಯಂಚಿನಲ್ಲಿ ನಾನು ನಿಂತಿದ್ದ ಅರ್ಧ ಗಂಟೆಯಲ್ಲಿ ಒಂದು ರೋಮದ ದುಂಬಿ ಬಾಗಿದ ಪುಷ್ಪಪತ್ರದ ಮೇಲೆ ಇಳಿದು, ನರಗಳ ಗೆರೆಯನ್ನೇ ಹಾದಿ ಮಾಡಿಕೊಂಡು ಛಾವಣಿಯ ಅಡಿಗೆ ನುಗ್ಗಿ, ಹಿಂಬದಿ ಮಾತ್ರ ಕಾಣುವಂತೆ ಒಳಗೆ ಮುಳುಗಿತು. ಛಾವಣಿಯ ಅಂಚಿನ ಕೆಳಗೆ ಸಣ್ಣ ತುಟಿಯಂಥ ಪದರವಿದೆ; ಪರಾಗವನ್ನು ಸ್ವೀಕರಿಸುವ ಜಾಗ ಅದೇ. ದುಂಬಿ ಒಳಗೆ ಹೋಗುವಾಗ ಬೆನ್ನ ಮೇಲೆ ಬೇರೆ ಹೂವಿನಿಂದ ತಂದ ಪರಾಗವನ್ನು ಆ ತುಟಿ ಕೆರೆದುಕೊಳ್ಳುತ್ತದೆ. ಆಮೇಲೆ ಬೆನ್ನು ಕೇಸರಕ್ಕೆ ಉಜ್ಜಿ ಹೊಸ ಪರಾಗ ಅಂಟುತ್ತದೆ. ಹೊರಬರುವಾಗ ತುಟಿಯ ಬೆನ್ನಷ್ಟೇ ತಾಕುವುದರಿಂದ ಸ್ವಂತ ಪರಾಗ ಅದಕ್ಕೆ ಮೆತ್ತುವುದಿಲ್ಲ. ಹೀಗೆ ಒಂದು ಐರಿಸ್ ಹೂ ದುಂಬಿಯ ಪಾಲಿಗೆ ಮೂರು ಬಾಗಿಲಿನ ಮೂರು ಹೂಗಳು. ದುಂಬಿ ಇಳಿಯಲು ಜಗಲಿ ಬೇಕು, ಆ ಜಗಲಿಯೇ ಪುಷ್ಪಪತ್ರ. ಅದು ದಳಕ್ಕಿಂತ ದೊಡ್ಡದಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಲಿಲ್ಲಿಯ ಮಾತಿಗೆ ಬಂದರೆ, ವ್ಯತ್ಯಾಸ ಕಾಣಲು ಭೂತಗನ್ನಡಿಯೂ ಬೇಡ. ಲಿಲ್ಲಿಗೆ ಕೇಸರಗಳು ಆರು, ಐರಿಸ್‌ಗೆ ಮೂರು. ಲಿಲ್ಲಿಯಲ್ಲಿ ಅಂಡಾಶಯ ಎಸಳುಗಳ ಒಳಗೆ, ಮೇಲ್ಗಡೆ ಕೂತಿರುತ್ತದೆ. ಐರಿಸ್‌ನಲ್ಲಿ ಅದು ಸೌತೆ, ಹೀರೆಯ ಹೆಣ್ಣುಹೂವಿನ ಮಿಡಿಯ ಹಾಗೆ ಹೂವಿನ ಕೆಳಗಿದೆ. ಈ ಗೊಂದಲ ನಮ್ಮದೊಂದೇ ಅಲ್ಲವೆಂಬ ಸಮಾಧಾನಕ್ಕೆ ಹೇಳುತ್ತೇನೆ: ಕ್ವಿಬೆಕ್ ಪ್ರಾಂತ್ಯ 1963ರಲ್ಲಿ ತನ್ನ ಲಾಂಛನದ ಹೂವಾಗಿ ಬಿಳಿ ಮಡೋನಾ ಲಿಲ್ಲಿಯನ್ನು ಆರಿಸಿಕೊಂಡಿತ್ತು. ಅದು ಆ ನೆಲದ ಹೂವೇ ಅಲ್ಲ. 1999ರಲ್ಲಿ ಅದನ್ನು ಕೈಬಿಟ್ಟು, ಅಲ್ಲಿನ ಜೌಗುಗಳಲ್ಲಿ ತಾನಾಗಿ ಬೆಳೆಯುವ ಐರಿಸ್ ವರ್ಸಿಕಲರ್‌ಗೆ ಆ ಸ್ಥಾನ ಕೊಟ್ಟಿತು.

ಗಿಡವನ್ನು ಹೂವಿಲ್ಲದ ಕಾಲದಲ್ಲಿ ಕಂಡರೆ ನಮ್ಮವರು ಬಜೆಯೆಂದೇ ತಿಳಿದಾರು. ಶುಂಠಿಯಂತೆ ಅಡ್ಡಕ್ಕೆ ಹರಿಯುವ ನೆಲದಡಿಯ ಕಾಂಡ, ಕತ್ತಿಯಂತೆ ಚಪ್ಪಟೆಯಾದ ಎಲೆ, ಕೆಸರಿನ ವಾಸ, ಎಲ್ಲವೂ ಬಜೆಯದೇ. ಯುರೋಪಿನ ಹಳದಿ ಐರಿಸ್‌ನ ಪ್ರಭೇದನಾಮ ಸ್ಯೂಡಾಕೋರಸ್, ಅಂದರೆ ‘ಸುಳ್ಳು ಬಜೆ’. ಎಲೆಯನ್ನು ಹೊಸಕಿದರೆ ಬಜೆ ಘಮ್ಮೆನ್ನುತ್ತದೆ, ಐರಿಸ್‌ಗೆ ಆ ಪರಿಮಳವಿಲ್ಲ. ಐರಿಸ್ ಎಲೆ ಬುಡದಲ್ಲಿ ಉದ್ದಕ್ಕೆ ಮಡಚಿಕೊಂಡು ತನ್ನೊಳಗಿನ ಎಲೆಯನ್ನು ಹಿಡಿದಿರುತ್ತದೆ, ಆ ಎಲೆ ಇನ್ನೊಂದನ್ನು. ಹೀಗಾಗಿ ಗಿಡ ಬೀಸಣಿಗೆಯ ಹಾಗೆ ಒಂದೇ ಸಮತಲದಲ್ಲಿ ಹರಡಿಕೊಳ್ಳುತ್ತದೆ. ಬಜೆ ತೇಯ್ದು ಮಗುವಿಗೆ ನೆಕ್ಕಿಸುವ ಮನೆಗಳಿಗಾಗಿ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ: ವರ್ಸಿಕಲರ್‌ನ ಕಾಂಡ ವಿಷಕಾರಿ, ವಾಂತಿಭೇದಿ ತರುತ್ತದೆ.

ಇನ್ನು ಕೋಷ್ಟಕ. ಅಮೆರಿಕದ ಮಿಸ್ಸೂರಿ ಸಸ್ಯೋದ್ಯಾನದ ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ ಕ್ವಿಬೆಕ್‌ನ ಗ್ಯಾಸ್ಪೆ ಪರ್ಯಾಯ ದ್ವೀಪದ ಒಂದು ಹುಲ್ಲುಗಾವಲಿನಲ್ಲಿ ಒಂದೇ ದಿನ ಕಿತ್ತು, ಒಬ್ಬನೇ, ಒಂದೇ ಉಪಕರಣದಿಂದ ಅಳೆದ ಐರಿಸ್ ಸೆಟೋಸಾ ಮತ್ತು ಐರಿಸ್ ವರ್ಸಿಕಲರ್ ಹೂಗಳು, ಜೊತೆಗೆ ಬೇರೆಡೆಯಿಂದ ತಂದ ಐರಿಸ್ ವರ್ಜಿನಿಕಾ ಹೂಗಳು, ತಲಾ 50ರಂತೆ 150. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ಈ ಅಳತೆಗಳನ್ನು ತನ್ನ ಪ್ರಬಂಧದಲ್ಲಿ ಬಳಸಿದ್ದರಿಂದ ಅವು ಲೋಕಪ್ರಸಿದ್ಧವಾದವು. ಸೆಟೋಸಾದ ಪುಷ್ಪಪತ್ರದ ಸರಾಸರಿ ಉದ್ದ 5 ಸೆಂಟಿಮೀಟರ್, ದಳದ್ದು ಒಂದೂವರೆಗಿಂತ ಕಡಿಮೆ, ಅಗಲ ಕಾಲು ಸೆಂಟಿಮೀಟರ್ ಮಾತ್ರ. ಸೆಟೋಸಾ ಎಂಬ ಹೆಸರಿನ ಅರ್ಥವೇ ಬಿರುಗೂದಲಿನದು ಎಂದು. ಅದರ ದಳ ಸವೆದು ಬಿರುಗೂದಲಿನಂತಾಗಿದೆ. ನಿಮ್ಮ ಚಿತ್ರದ ಗುರುತುಗಳನ್ನು ನಂಬಿ ಈ ಅಂಕಿಯನ್ನು ಓದಿದವರು, ಸೆಟೋಸಾದಲ್ಲಿ ಬಾಗಿದ ದೊಡ್ಡ ಎಸಳೇ ಎರಡೂವರೆ ಮಿಲಿಮೀಟರ್ ಅಗಲ ಎಂದು ತಿಳಿಯುತ್ತಾರೆ. ಅಂಥ ಹೂವಿನ ಮೇಲೆ ದುಂಬಿ ಕಾಲಿಡಲೂ ಆಗದು. ಕಂಪ್ಯೂಟರ್ ಸೆಟೋಸಾವನ್ನು ಉಳಿದೆರಡರಿಂದ ಸಲೀಸಾಗಿ ಬೇರ್ಪಡಿಸುವುದೂ ಈ ದಳದಿಂದಲೇ: ಅದರ ಅತಿ ಉದ್ದದ ದಳ 1.9 ಸೆಂಟಿಮೀಟರ್, ವರ್ಸಿಕಲರ್‌ನ ಅತಿ ಗಿಡ್ಡ ದಳ 3 ಸೆಂಟಿಮೀಟರ್.

ಆಂಡರ್ಸನ್ ಹೂ ಅಳೆದದ್ದು ಯಂತ್ರಕ್ಕೆ ಪಾಠ ಹೇಳಲು ಅಲ್ಲ, ವರ್ಸಿಕಲರ್‌ನ ಹುಟ್ಟನ್ನು ತಿಳಿಯಲು. ಸೆಟೋಸಾದಲ್ಲಿ 38 ವರ್ಣತಂತುಗಳು (ಕ್ರೋಮೊಸೋಮ್), ವರ್ಜಿನಿಕಾದಲ್ಲಿ 70, ವರ್ಸಿಕಲರ್‌ನಲ್ಲಿ 108. ಮೊದಲೆರಡನ್ನು ಕೂಡಿ ನೋಡಿ. ಬಹುಹಿಂದೆ ಈ ಎರಡು ಪ್ರಭೇದಗಳು ಕೂಡಿ ಹುಟ್ಟಿದ ಬಂಜೆ ಸಂಕರದಲ್ಲಿ ವರ್ಣತಂತುಗಳು ಇಮ್ಮಡಿಯಾಗಿ, ಬೀಜ ಕಟ್ಟಬಲ್ಲ ಹೊಸ ಪ್ರಭೇದವೇ ನಿಂತಿತು ಎಂಬುದು ಅವರ ವಾದ. 2007ರಲ್ಲಿ ಪ್ರಕಟವಾದ ವರ್ಣತಂತುಗಳ ಅಧ್ಯಯನವೂ ಅದನ್ನೇ ಬೆಂಬಲಿಸಿತು. ನಮ್ಮ ರಾಗಿಯೂ ಎರಡು ವಂಶಗಳು ಹೀಗೆ ಕೂಡಿ ಬಂದ, 36 ವರ್ಣತಂತುಗಳ ಬೆಳೆಯೇ. ವರ್ಜಿನಿಕಾದ ಪಾಲು ಸೆಟೋಸಾದ ಪಾಲಿನ ಎರಡರಷ್ಟಾದರೆ, ವರ್ಸಿಕಲರ್ ಸೆಟೋಸಾದಿಂದ ವರ್ಜಿನಿಕಾದ ಕಡೆಗೆ ಮೂರರಲ್ಲಿ ಎರಡು ಪಾಲು ದೂರದಲ್ಲಿರಬೇಕು ಎಂದು ಫಿಶರ್ ಪರೀಕ್ಷಿಸಿದರು. ನಾನು ಹಳೆಯ ಲಕೋಟೆಯ ಹಿಂಬದಿಯಲ್ಲಿ ದಳದ ಉದ್ದವೊಂದನ್ನೇ ಲೆಕ್ಕ ಹಾಕಿದೆ. ಸರಾಸರಿಗಳು ಸೆಟೋಸಾಕ್ಕೆ 1.46, ವರ್ಸಿಕಲರ್‌ಗೆ 4.26, ವರ್ಜಿನಿಕಾಕ್ಕೆ 5.55 ಸೆಂಟಿಮೀಟರ್. ಅಂತರ ನೂರಕ್ಕೆ 68 ಬಂತು. ಪುಷ್ಪಪತ್ರದ ಅಗಲ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ಅದರಲ್ಲಿ ಸೆಟೋಸಾವೇ ಮುಂದು. ದಳ ಮತ್ತು ಪುಷ್ಪಪತ್ರಗಳ ಹೆಸರನ್ನು ಅದಲುಬದಲು ಮಾಡಿದ ಓದುಗನಿಗೆ ಈ ಕಥೆಯ ಸುಳಿವೇ ಸಿಗುವಂತಿಲ್ಲ.

ಲೇಖನದಲ್ಲಿ ಫಿಶರ್ ಹೆಸರಿದೆ, ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹೆಸರಿಲ್ಲ. ಎರಡು ಗುಂಪುಗಳನ್ನು ಬೇರ್ಪಡಿಸುವ ಫಿಶರ್ ವಿಧಾನವನ್ನು ಹಲವು ಗುಂಪುಗಳಿಗೆ ವಿಸ್ತರಿಸಿ 1948ರಲ್ಲಿ ಪ್ರಕಟಿಸಿದವರು ಅವರು. ಕೇಂಬ್ರಿಜ್‌ನಲ್ಲಿ ಫಿಶರ್ ಅವರ ಶಿಷ್ಯರಾಗಿದ್ದ ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. ಹಂಪಿಗೆ ಹೂ ಸಾಗಿಸುತ್ತಿದ್ದ ಊರೆಂದು ಹೇಳುವ ಆ ಹೆಸರನ್ನು ಹೂವಿನ ಅಳತೆಯ ಲೇಖನದಲ್ಲಿ ಒಂದು ಸಾಲಿನಲ್ಲಾದರೂ ಕಾಣುವ ಆಸೆ ನನಗಿತ್ತು.

ತಮ್ಮ ಲೇಖನದಿಂದ ಉತ್ತೇಜಿತರಾಗಿ ಕೋಷ್ಟಕವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಬಹುಕಾಲ ಬಳಕೆಯಲ್ಲಿದ್ದ ಒಂದು ಪ್ರತಿಯಲ್ಲಿ 35ನೆಯ ಮತ್ತು 38ನೆಯ ಸಾಲುಗಳು ಫಿಶರ್ ಪ್ರಬಂಧಕ್ಕೆ ಹೊಂದುವುದಿಲ್ಲ. 35ನೆಯ ಹೂವಿನ ದಳದ ಅಗಲ 0.2 ಇರಬೇಕಾದಲ್ಲಿ 0.1 ಎಂದಿದೆ. ಒಂದು ಮಿಲಿಮೀಟರ್ ಅಷ್ಟೇ. ಆದರೆ ಆ ದಳಕ್ಕೆ ಅದು ಅರ್ಧ ಅಗಲ.

ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕುವುದಾದರೆ, ಉದ್ಯಾನದ ತಳಿಯ ಬದಲು ವರ್ಸಿಕಲರ್‌ನ ಚಿತ್ರವನ್ನೇ ಬಳಸಿ, ಬಾಗಿದ ಮೂರಕ್ಕೆ ‘ಪುಷ್ಪಪತ್ರ’, ನಿಂತ ಮೂರಕ್ಕೆ ‘ದಳ’, ಛಾವಣಿಯಾದ ಮೂರಕ್ಕೆ ‘ಶಲಾಕೆಯ ಕವಲು’ ಎಂದು ಗುರುತು ಹಾಕಿಸಬೇಕೆಂದು ಕೋರುತ್ತೇನೆ. ಕೆರೆಯಂಚಿನಲ್ಲಿ ನಾನು ತೆಗೆದ ಒಂದು ಫೋಟೊವನ್ನು ಇದರೊಂದಿಗೆ ಇಟ್ಟಿದ್ದೇನೆ. ಸ್ವಲ್ಪ ಅಲುಗಾಡಿದೆ, ಆದರೆ ದುಂಬಿ ಯಾವ ಎಸಳಿನ ಮೇಲೆ ಕೂತಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಸಾಗರ