ಆ ನೀಲಿ ಬಕೆಟ್ ರಿಪೇರಿ ಮಾಡಿಸಿ, ಮಕ್ಕಳಿಗೆ ಬಿಟ್ಟುಕೊಡಿ: ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಉದ್ಯಾನದ ಮೂಲೆಯಲ್ಲಿ ಅಡ್ಡ ಮಲಗಿಸಿರುವ ಆಳೆತ್ತರದ ನೀಲಿ ಬಕೆಟ್ ಕಲಾಕೃತಿ ನಿಮಗೆ ಗೊತ್ತೇ ಇದೆ. ಅದರ ತುಕ್ಕು ಕೆರೆಸಿ, ತೂತು ಮುಚ್ಚಿಸಿ, ಬಣ್ಣ ಹೊಡೆಸಿ ಅಂತ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಹಾಗಾಗಿ ಈಗ ಎಲ್ಲರ ಎದುರಿಗೇ ಕೇಳುತ್ತಿದ್ದೇನೆ.

ಆ ತೂತು ತಾನಾಗಿ ಬಿದ್ದದ್ದಲ್ಲ. ನಿಮ್ಮದೇ ಇಲಾಖೆಯ ಕಾರ್ಯಕ್ರಮಕ್ಕೆ ಬ್ಯಾನರ್ ಕಟ್ಟೋಕೆ ಅಂತ ಡ್ರಿಲ್ ಹಿಡಿದು ಕೊರೆದದ್ದು. ಬ್ಯಾನರ್ ಬಿಚ್ಚಿಕೊಂಡು ಹೋದರು, ತೂತು ಹಾಗೇ ಉಳಿಯಿತು, ನೀರು ಇಳಿಯಿತು. ಈಗ ಅಂಚಿನ ಉದ್ದಕ್ಕೂ ಬಣ್ಣ ಗುಳ್ಳೆ ಎದ್ದಿದೆ. ಉಗುರು ತಾಗಿದರೆ ಸಾಕು, ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅಡಿಯಲ್ಲಿ ಬರೀ ಕೆಂಪು ಪುಡಿ.

ನನ್ನ ಮಗನಿಗೆ ಮಾತು ತಡ. ಬೇರೆಯವರ ಎದುರು ಬಾಯಿ ಬಿಡೋದೇ ಕಷ್ಟ. ಆದರೆ ಆ ಬಕೆಟ್ ಒಳಗೆ ತಲೆ ಹಾಕಿ ತನ್ನ ಹೆಸರು ಕೂಗುತ್ತಿದ್ದ, ಅದು ಗುಂಯ್ ಅಂತ ವಾಪಸ್ ಬಂದರೆ ನಕ್ಕು ಮತ್ತೆ ಕೂಗುತ್ತಿದ್ದ. ರಜೆ ಮೇಲೆ ರಜೆ ಹಾಕಿ, ಸಂಬಳ ಕಳೆದುಕೊಂಡು, ಥೆರಪಿ ಅಂತ ಅವನನ್ನು ಎತ್ತಿಕೊಂಡು ಅಲೆದವಳಿಗೆ ಆ ಕೂಗು ಏನು ಅಂತ ನಿಮಗೆ ಹೇಗೆ ಹೇಳಲಿ? ಅದೇ ಅಂಚು ತಾಗಿ ಅವನ ಅಂಗೈ ಸೀಳಿತು. ಹೊಲಿಗೆ ಹಾಕಿಸಿದೆ. ದೂರು ಕೊಟ್ಟೆ. ನಿಮ್ಮವರು ಸುತ್ತ ತಗಡು ನಿಲ್ಲಿಸಿ ಬೀಗ ಜಡಿದರು, ಅಷ್ಟೇ. ರಿಪೇರಿ ಇಲ್ಲ.

ಕೇಳಿದರೆ ಒಬ್ಬ ಅಧಿಕಾರಿ ಮೊಬೈಲಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿರುವ ಬಟ್ಟೆ ಕ್ಲಿಪ್ ಆಕಾರದ ಶಿಲ್ಪ ತೋರಿಸಿದರು. 'ಇದೂ ತುಕ್ಕೇ ಅಲ್ವಾ ಮೇಡಂ?' ಮೈ ಉರಿಯಿತು. 1976ರಲ್ಲಿ ಶಿಲ್ಪಿ ಕ್ಲಾಸ್ ಓಲ್ಡನ್‌ಬರ್ಗ್ ಮಾಡಿದ ಆ 45 ಅಡಿಯ ಕ್ಲಿಪ್ ಕಾರ್ಟೆನ್ ಉಕ್ಕಿನದು. ಅದರ ಮೇಲ್ಪದರದ ತುಕ್ಕೇ ಒಳಗಿನ ಲೋಹವನ್ನು ಕಾಯುತ್ತದೆ, ಅದಕ್ಕೆ ಬಣ್ಣ ಬೇಡ. ನಮ್ಮದು ಸಾದಾ ಉಕ್ಕು. ಬಣ್ಣ ಹೋದರೆ ಸುಮ್ನೆ ತಿಂದುಕೊಂಡು ಹೋಗುತ್ತದೆ. ಉದ್ಯಾನ ನೋಡಿಕೊಳ್ಳುವವರಿಗೆ ಇಷ್ಟೂ ಗೊತ್ತಿರಬೇಡವೇ?

ಅದೇ ಓಲ್ಡನ್‌ಬರ್ಗ್ ಮತ್ತು ಅವರ ಪತ್ನಿ ಕೂಷಾ ವಾನ್ ಬ್ರುಗನ್ ಸೇರಿ ಮಾಡಿದ ದೊಡ್ಡ ಚಮಚ, ಚೆರ್ರಿ ಹಣ್ಣಿನ ಶಿಲ್ಪ ಅಮೆರಿಕದ್ದೇ ಮಿನಿಯಾಪೊಲಿಸ್ ನಗರದಲ್ಲಿದೆ. 2021ರಲ್ಲಿ ಆ ಹಣ್ಣನ್ನು ಕ್ರೇನ್‌ನಲ್ಲಿ ಇಳಿಸಿ, ಬೇರೆಡೆ ಸಾಗಿಸಿ ಹೊಸ ಬಣ್ಣ ಹೊಡೆಸಿದರು. ಮರುವರ್ಷ ತಂದು ಮತ್ತೆ ಕೂರಿಸಿದರು. ಹೊರಗಿಟ್ಟ ಕಲಾಕೃತಿ ಅಂದರೆ ಆ ಕೆಲಸ ಇದ್ದೇ ಇರುತ್ತದೆ. ಇಷ್ಟು ದೊಡ್ಡ ಬಕೆಟ್ ಕಂಡರೆ ಮಕ್ಕಳು ಒಳಗೆ ನುಗ್ಗಿಯೇ ನುಗ್ಗುತ್ತಾರೆ, ಅದಕ್ಕೇ ಅಲ್ವಾ ಅದನ್ನು ಅಲ್ಲಿಟ್ಟದ್ದು?

ನಾನು ಕೇಳುತ್ತಿರುವುದು ಹೊಸದನ್ನಲ್ಲ. ತುಕ್ಕಿನ ಮೇಲೇ ಬಣ್ಣ ಬಳಿದು ಕೈ ತೊಳೆದುಕೊಳ್ಳಬೇಡಿ. ಪೂರ್ತಿ ಕೆರೆಸಿ, ತೂತಿಗೆ ಬೆಸುಗೆ ಹಾಕಿಸಿ, ಅಂಚು ನುಣ್ಣಗೆ ಮಾಡಿಸಿ, ಪ್ರೈಮರ್ ಹೊಡೆದ ಮೇಲೆ ಬಣ್ಣ. ಯಾವ ನೀಲಿ ಅಂತ ಮಾಡಿದ ಕಲಾವಿದರನ್ನೇ ಕೇಳಿ. ಆಮೇಲೆ ತಗಡು ತೆಗೆಸಿ. ಇನ್ನು ಮುಂದೆ ಅದಕ್ಕೆ ಯಾರೂ ಬ್ಯಾನರ್ ಕಟ್ಟದ ಹಾಗೆ ಆದೇಶ ಹೊರಡಿಸಿ.

'ಪರಿಶೀಲಿಸಲಾಗುವುದು' ಅನ್ನುವ ಉತ್ತರ ನನಗೆ ಬೇಡ. ಕೆಲಸ ಯಾವತ್ತು ಶುರು, ಬೀಗ ಯಾವತ್ತು ತೆಗೆಯುತ್ತೀರಿ, ತಾರೀಖು ಬರೆದು ಕೊಡಿ.

ಇಂತಿ,
ಉದ್ಯಾನಕ್ಕೆ ದಿನಾ ಬರುವ ಒಬ್ಬ ತಾಯಿ