ಗೆರೆ ಮೂಡದಿದ್ದರೆ ಮಲೇರಿಯಾ ಇಲ್ಲವೆಂದಲ್ಲ

ಮಾನ್ಯರೇ,

ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಮಲೇರಿಯಾ ಪರಾವಲಂಬಿಯ ಪ್ರೋಟೀನ್ ಇದೆಯೇ ಎಂಬುದನ್ನು 15ರಿಂದ 20 ನಿಮಿಷಗಳಲ್ಲಿ ತಿಳಿಸುವ ತ್ವರಿತ ಪರೀಕ್ಷೆಯು, ಸೂಕ್ಷ್ಮದರ್ಶಕವಾಗಲಿ ನುರಿತ ತಂತ್ರಜ್ಞರಾಗಲಿ ಇಲ್ಲದೆಡೆ ನಿಜಕ್ಕೂ ವರದಾನ. ಆದರೆ ಪರೀಕ್ಷಾ ಪಟ್ಟಿಯ ಮೇಲೆ ಮಲೇರಿಯಾ ಸೂಚಿಸುವ ಗೆರೆ ಮೂಡಲಿಲ್ಲವೆಂದು ಜ್ವರಪೀಡಿತರನ್ನು ನಿಶ್ಚಿಂತೆಯಿಂದ ಮನೆಗೆ ಕಳುಹಿಸುವುದು ಸರಿಯಲ್ಲ. ಮಲೇರಿಯಾದ ಅತ್ಯಂತ ಅಪಾಯಕಾರಿ ಪರಾವಲಂಬಿಯಾದ ಫಾಲ್ಸಿಪಾರಂ ಪತ್ತೆಗೆ ಬಳಸುವ ಬಹುತೇಕ ಕಿಟ್‌ಗಳು ಹುಡುಕುವುದು ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನು. ಆ ಪ್ರೋಟೀನ್ ತಯಾರಿಸುವ ಜೀನ್ ಕಳೆದುಕೊಂಡ ಪರಾವಲಂಬಿಗಳು ಹಲವು ದೇಶಗಳಲ್ಲಿ ಪತ್ತೆಯಾಗಿದ್ದು, ಅವು ಈ ಪರೀಕ್ಷೆಯ ಕಣ್ಣು ತಪ್ಪಿಸಬಲ್ಲವು. ಇನ್ನೊಂದೆಡೆ, ರೋಗ ವಾಸಿಯಾದ ಮೇಲೂ ಆ ಪ್ರೋಟೀನ್ ವಾರಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ, ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಇದನ್ನೇ ಮತ್ತೆ ಮಾಡಿಸಿದರೆ ಖರ್ಚು ವ್ಯರ್ಥ, ಗೊಂದಲ ಬೇರೆ. ಆ ಕೆಲಸಕ್ಕೆ, ಗಾಜಿನ ಪಟ್ಟಿಗೆ ರಕ್ತ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪನ ಪರೀಕ್ಷೆಯೇ ಬೇಕು. ಪ್ರಯೋಗಾಲಯಗಳು ಯಾವ ವಿಧಾನದಿಂದ ಪರೀಕ್ಷಿಸಿದವೆಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ನಮೂದಿಸುವಂತಾಗಲಿ.

– ಓರ್ವ ಓದುಗ